ಕಂಪ್ಯೂಟರು ಬರುತ್ತೆ ಅಂದರೆ ಏನು ಬರಬೇಕು?

ಸಂಜೆ ಐದೂವರೆ. ಬಸ್‌ಸ್ಟ್ಯಾಂಡಿನ ಎದುರು ಮೊಬೈಲು ರಿಪೇರಿ ಅಂಗಡಿ. ಹಳ್ಳಿಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಸಂತೆ ಚೀಲ, ವಯಸ್ಸು ಐವತ್ತು ದಾಟಿದ ಹೆಂಗಸೊಬ್ಬಳು ಗಾಜಿನ ಕೌಂಟರಿನ ಮೇಲೆ ತನ್ನ ಫೋನು ಇಡುತ್ತಾಳೆ.

“ತಮ್ಮಾ, ದುಡ್ಡು ಬಿದ್ದೈತಾ ನೋಡಪ್ಪ.”

ಹುಡುಗ ಫೋನು ಎತ್ತಿಕೊಂಡ. “ಪಿನ್ ಹೇಳಕ್ಕಾ.”

ಹೇಳಿದಳು. ಜೋರಾಗಿಯೇ ಹೇಳಿದಳು. ಪಕ್ಕದಲ್ಲಿ ಚಾರ್ಜರಿಗೆ ಚೌಕಾಸಿ ಮಾಡುತ್ತಿದ್ದವನಿಗೂ ಕೇಳಿಸಿತು, ಹಿಂದೆ ಸಿಮ್ಮಿಗೆ ಕಾಯುತ್ತಿದ್ದ ಇಬ್ಬರಿಗೂ ಕೇಳಿಸಿತು.

“ಬಿದ್ದೈತೆ ಅಕ್ಕಾ, ಎರಡು ಸಾವಿರ.”

ಆಕೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟು, ಫೋನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಈ ಅಂಗಡಿ ಯಾವ ಊರಲ್ಲಿದೆ ಅಂತ ಕೇಳಬೇಡಿ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಹಣ ಶುರುವಾದಂದಿನಿಂದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇಂಥ ಅಂಗಡಿ ಉಂಟು, ಇಂಥ ತಮ್ಮಂದಿರೂ ಉಂಟು. ಬಹುಪಾಲು ಹುಡುಗರು ಪ್ರಾಮಾಣಿಕರೇ. ಆದರೆ ಬ್ಯಾಂಕಿನ ಬೀಗದ ಕೈಯನ್ನು ಬೀದಿಯಲ್ಲಿ ಕೂಗಿ ಹೇಳಿದ ಹಾಗಾಯಿತಲ್ಲ, ಅದಕ್ಕೇನು ಮಾಡೋಣ?

ವಿಚಿತ್ರ ಇರುವುದು ಮುಂದೆ. ಇದೇ ಹೆಂಗಸು ಬಸ್ಸಿನಲ್ಲಿ ಕೂತು ಮಗಳಿಗೆ ವಿಡಿಯೋ ಕಾಲು ಮಾಡುತ್ತಾಳೆ. ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾಳೆ. ಯೂಟ್ಯೂಬಿನಲ್ಲಿ ಭಜನೆ ಹುಡುಕಿಕೊಳ್ಳುತ್ತಾಳೆ. ಹಾಗಾದರೆ ಆಕೆಗೆ ‘ಬರುತ್ತೆ’ ಅನ್ನಬೇಕೋ, ‘ಬರಲ್ಲ’ ಅನ್ನಬೇಕೋ? ಗೆರೆ ಎಲ್ಲಿ? ಅದನ್ನು ಎಳೆಯುವವರು ಯಾರು?

ಸಹಿ ಬಂದರೆ ಸಾಕ್ಷರನೇ?

ಈ ತಕರಾರು ಹೊಸದೇನಲ್ಲ. ಅಕ್ಷರದ ವಿಷಯದಲ್ಲೂ ಇದೇ ಗಲಾಟೆ ನಡೆದಿತ್ತು. ಹೆಬ್ಬೆಟ್ಟು ಒತ್ತುವವನು ನಿರಕ್ಷರಿ, ಸರಿ. ಹೆಸರು ಗೀಚುವುದನ್ನು ಮಾತ್ರ ಕಲಿತವನು ಸಾಕ್ಷರನೋ? ಜನಗಣತಿಯವರು ಅದಕ್ಕೊಂದು ಗೆರೆ ಹಾಕಿದರು. ಏಳು ವರ್ಷ ದಾಟಿದ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲವನೇ ಸಾಕ್ಷರ. ‘ಅರ್ಥ ತಿಳಿದು’ ಎಂಬ ಮಾತಿನಿಂದಾಗಿ ಬರೀ ಸಹಿಯವರು ಹೊರಗುಳಿದರು.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಾಗ ಗೆರೆ ಇನ್ನಷ್ಟು ಬಿಗಿಯಾಯಿತು. ಅಂಗಡಿಯ ತಕ್ಕಡಿ ಹಾಗೆ, ತೂಕ ಹಾಕಿಯೇ ಹೇಳಿಬಿಟ್ಟರು. ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ 30 ಪದ. ಮನಸ್ಸಿನಲ್ಲೇ ಓದಿಕೊಂಡರೆ 35. ನೋಡಿ ಬರೆದರೆ 7, ಹೇಳಿದ್ದನ್ನು ಕೇಳಿ ಬರೆದರೆ 5. ಜೊತೆಗೆ ಒಂದರಿಂದ ನೂರರವರೆಗೆ ಅಂಕಿ, ಸಣ್ಣಪುಟ್ಟ ಕೂಡು-ಕಳೆ. 1990ರ ಆಸುಪಾಸಿನಲ್ಲಿ ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಅಕ್ಷರ ಆಂದೋಲನ ನಡೆದಾಗ ರಾತ್ರಿ ಶಾಲೆಗೆ ಹೋದವರಿಗೆ ಇದರ ನೆನಪಿರಬಹುದು. ಕೂಲಿಯಿಂದ ಬಂದು ಕೈಕಾಲು ತೊಳೆದು, ದೀಪದ ಬೆಳಕಿನಲ್ಲಿ ಸ್ಲೇಟು ಹಿಡಿದು ಕೂತವರು ಈ ಅಳತೆಗೇ ತಲೆ ಕೊಟ್ಟವರು.

ನಿಮಿಷಕ್ಕೆ ಐದು ಪದ ಅಂದರೆ ನಗು ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ನೇರವಿತ್ತು. ಕಲಿಸುವವನಿಗೂ ಗೊತ್ತು, ಕಲಿಯುವವಳಿಗೂ ಗೊತ್ತು, ಇಷ್ಟು ಬಂದರೆ ಗೆದ್ದ ಹಾಗೆ. ಹೆಚ್ಚಿಗೆ ಬಂದರೆ ಅವರವರ ಪುಣ್ಯ.

ಕಂಪ್ಯೂಟರಿನ ವಿಷಯದಲ್ಲಿ ಅಂಥ ನೇರವಾದ ಗೆರೆಗಾಗಿ ಪರದಾಟ ನಡೆದಿದೆ.

ಸಾಹೇಬರ ಪರೀಕ್ಷೆ

ಹಿಂದೆ ಊರಿಗೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು ಇತ್ತಲ್ಲ, ಅಲ್ಲಿ ಗೊಂದಲವೇ ಇರಲಿಲ್ಲ. ಜೂನಿಯರು, ಸೀನಿಯರು. ಗಡಿಯಾರ ನೋಡಿ, ತಪ್ಪು ಎಣಿಸಿ, ಪಾಸೋ ಫೇಲೋ ಹೇಳುತ್ತಿದ್ದರು. ಆ ಇನ್‌ಸ್ಟಿಟ್ಯೂಟುಗಳಲ್ಲಿ ಎಷ್ಟೋ ಮುಂದೆ ಕಂಪ್ಯೂಟರು ಸೆಂಟರುಗಳಾದವು. ಬೋರ್ಡು ಬದಲಾಯಿತು, ಬೆಂಚು ಅದೇ.

1990ರ ದಶಕದಲ್ಲಿ ಫಿನ್ಲೆಂಡಿನವರು ಒಂದು ಉಪಾಯ ಹೂಡಿದರು. ಗಾಡಿ ಓಡಿಸಲು ಲೈಸೆನ್ಸು ಇರುವ ಹಾಗೆ ಕಂಪ್ಯೂಟರಿಗೂ ‘ಡ್ರೈವಿಂಗ್ ಲೈಸೆನ್ಸು’! ಅದೇ ಯುರೋಪಿನ ತುಂಬ ಹಬ್ಬಿತು. ಗಾಡಿಯ ಇಂಜಿನ್ನು ಬಿಚ್ಚಲು ಬರಬೇಕಿಲ್ಲ, ಓಡಿಸಲು ಬಂದರೆ ಸಾಕು ಎಂಬುದು ಅದರ ಒಳಗಿನ ಮಾತು. ವಿಚಾರ ಸರಿಯೇ. ಆದರೆ ಆ ಲೈಸೆನ್ಸಿನ ಪಾಠಗಳನ್ನು ನೋಡಿದರೆ ಕಡತ, ಪತ್ರ ಬರೆಯುವುದು, ಲೆಕ್ಕದ ಹಾಳೆ, ದತ್ತಾಂಶ… ಎಲ್ಲವೂ ಆಫೀಸಿನ ಮೇಜಿನದೇ.

ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ನೀಲಿಟ್ ಸಂಸ್ಥೆ ನಡೆಸುವ ಸಿಸಿಸಿ ಪರೀಕ್ಷೆ ಇದೆ. 80 ಗಂಟೆಯ ಪಾಠ. 90 ನಿಮಿಷದಲ್ಲಿ 100 ಪ್ರಶ್ನೆ, 50 ಬಂದರೆ ಪಾಸು. ಅಷ್ಟು ಪುರುಸೊತ್ತಿಲ್ಲದವರಿಗೆ 36 ಗಂಟೆಯ ಚಿಕ್ಕ ಪಾಠವೂ ಉಂಟು.

ಕರ್ನಾಟಕ ಸರಕಾರ ತನ್ನ ನೌಕರರಿಗಾಗಿಯೇ 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಪಾಸಾಗದಿದ್ದರೆ ಬಡ್ತಿಗೆ, ಇನ್‌ಕ್ರಿಮೆಂಟಿಗೆ ಕಲ್ಲು. ಪಾಸಾಗಲು ಕೊಟ್ಟ ಗಡುವು ಒಂದಲ್ಲ, ಹಲವು ಸಲ ಮುಂದಕ್ಕೆ ಹೋಯಿತು. ಜನ ನಕ್ಕರು. ನಗುವುದು ಸುಲಭ. ಇಪ್ಪತ್ತು ವರ್ಷ ಪೆನ್ನಿನಲ್ಲಿ ಕಡತ ನಡೆಸಿದ ಗುಮಾಸ್ತರ ಕೈಗೆ ಇಲಿ ಕೊಟ್ಟು “ಹಿಡಿ” ಅಂದರೆ ಕೈ ನಡುಗದೆ ಇದ್ದೀತೆ? ಸಂಜೆ ಆಫೀಸು ಮುಗಿಸಿ, ಮಗನ ವಯಸ್ಸಿನ ಹುಡುಗನ ಮುಂದೆ ಕೂತು ಪಾಠ ಹೇಳಿಸಿಕೊಂಡವರೂ ಅವರಲ್ಲಿ ಇದ್ದಾರೆ. ಅದನ್ನೂ ಹೇಳಬೇಕು.

ಆದರೆ ಇವೆಲ್ಲ ಮೇಜಿನ ಆಚೆ ಕೂತವರ ಪರೀಕ್ಷೆ. ಮೇಜಿನ ಈಚೆ ನಿಂತವರದು?

ಇಪ್ಪತ್ತು ಗಂಟೆಯ ವಿದ್ಯೆ

ಈಚೆ ನಿಂತವರಿಗಾಗಿ ದೆಹಲಿ ಮೊದಲು 2014ರಲ್ಲಿ ಡಿಜಿಟಲ್ ಸಾಕ್ಷರತಾ ಮಿಷನ್ ತಂದಿತು. ಆಮೇಲೆ 2017ರ ಫೆಬ್ರವರಿಯಲ್ಲಿ ದೊಡ್ಡ ಗಾತ್ರದ್ದೊಂದು ಬಂತು, ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ. ಗುರಿ ಆರು ಕೋಟಿ ಹಳ್ಳಿ ಮನೆ, ಮನೆಗೊಬ್ಬರು. ವೆಚ್ಚಕ್ಕೆ ಮಂಜೂರಾದದ್ದು 2,351 ಕೋಟಿ ರೂಪಾಯಿ ಮತ್ತು ಚಿಲ್ಲರೆ. ವಯಸ್ಸು 14ರಿಂದ 60. ಪಾಠ 20 ಗಂಟೆ. ಹತ್ತು ದಿನಕ್ಕಿಂತ ಬೇಗ ಮುಗಿಸಕೂಡದು, ಮೂವತ್ತು ದಿನಕ್ಕಿಂತ ಎಳೆಯಕೂಡದು.

ಇಲ್ಲಿ ಗೆರೆ ಏನು? ಕಂಪ್ಯೂಟರೋ ಸ್ಮಾರ್ಟ್‌ಫೋನೋ ನಡೆಸಬೇಕು, ಇ-ಮೇಲ್ ಕಳಿಸಬೇಕು, ಪಡೆಯಬೇಕು, ಅಂತರ್ಜಾಲದಲ್ಲಿ ಹುಡುಕಬೇಕು, ಸರಕಾರಿ ಸೇವೆ ಪಡೆಯಬೇಕು, ನಗದಿಲ್ಲದೆ ಹಣ ಕೊಡಬೇಕು. ಹಣದ ವಿಷಯದಲ್ಲಿ ಒಂದು ಒಳ್ಳೆಯ ಷರತ್ತಿತ್ತು. ಪ್ರತಿಯೊಬ್ಬರೂ ಕನಿಷ್ಠ ಐದು ಸಲ ತಾವೇ ಡಿಜಿಟಲ್ ಪಾವತಿ ಮಾಡಿ ತೋರಿಸತಕ್ಕದ್ದು. ಇದು ಗೆರೆ ಅಂದರೆ ಗೆರೆ. ಬಾಯಿಪಾಠ ಅಲ್ಲ, ಕೈಪಾಠ.

ಆದರೆ ಕೊನೆಗೆ ಸರ್ಟಿಫಿಕೇಟು ಸಿಗುತ್ತಿದ್ದುದು ಆನ್‌ಲೈನು ಪರೀಕ್ಷೆಯಿಂದ. ನಾಲ್ಕು ಉತ್ತರ ಕೊಟ್ಟು ಸರಿಯಾದ್ದು ಒತ್ತಿ ಎಂಬ ಬಗೆ. ಅಭ್ಯರ್ಥಿ ಪಾಸಾದ ಮೇಲೆ ಕಲಿಸಿದ ಕೇಂದ್ರಕ್ಕೆ ತಲೆಗೆ 300 ರೂಪಾಯಿ. ತಲೆಗೆ ಇಷ್ಟು ಅಂದ ಕೂಡಲೇ ಕೇಂದ್ರದವನ ಕಣ್ಣು ತಲೆಯ ಮೇಲಿರುತ್ತದೋ, ತಲೆಯೊಳಗೆ ಏನು ಹೋಯಿತು ಎಂಬುದರ ಮೇಲಿರುತ್ತದೋ, ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2024ರ ಮಾರ್ಚ್ 31ಕ್ಕೆ ಅಭಿಯಾನ ಮುಗಿಯಿತು. ಸರಕಾರವೇ ಕೊಟ್ಟ ಲೆಕ್ಕ ಹೀಗಿದೆ. ಹೆಸರು ಬರೆಸಿದವರು 7.35 ಕೋಟಿ, ಪಾಠ ಪೂರೈಸಿದವರು 6.39 ಕೋಟಿ, ಸರ್ಟಿಫಿಕೇಟು ಪಡೆದವರು 4.77 ಕೋಟಿ. ಗುರಿಗಿಂತ ಜಾಸ್ತಿಯೇ ಕಲಿಸಿದ್ದಾರೆ. ಆದರೆ ಕಲಿತು ಪಾಸಾಗದೆ ಉಳಿದವರು ಒಂದೂವರೆ ಕೋಟಿಗೂ ಮೇಲೆ. ಅವರಿಗೆ ಬರಲ್ಲವೋ, ಪರೀಕ್ಷೆಗೇ ಕೂರಲಿಲ್ಲವೋ, ಆ ಅಂಕಿ ಬಾಯಿ ಬಿಡುವುದಿಲ್ಲ. ಪಾಸಾದ 4.77 ಕೋಟಿಯಲ್ಲಿ ಇವತ್ತು ಎಷ್ಟು ಮಂದಿ ಫೋನನ್ನು ಇನ್ನೊಬ್ಬರ ಕೈಗೆ ಕೊಡದೆ ಬಾಕಿ ನೋಡಿಕೊಳ್ಳುತ್ತಾರೆ ಎಂಬುದನ್ನಂತೂ ಅದು ಹೇಳುವುದೇ ಇಲ್ಲ.

ಇನ್ನೊಂದು ಮಾತು. ಹೆಸರಲ್ಲೇ ‘ಗ್ರಾಮೀಣ’ ಇದ್ದುದರಿಂದ ಪಟ್ಟಣದ ತಳ್ಳುಗಾಡಿಯವನಿಗೆ, ಹೂವಿನವಳಿಗೆ ಈ ಪಾಠದಲ್ಲಿ ಜಾಗವಿರಲಿಲ್ಲ. ಅರವತ್ತು ದಾಟಿದ ಪಿಂಚಣಿ ಮುದುಕರಿಗೂ ಇರಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲುವವರು ಯಾರು ಅಂತ ಗೆರೆ ಎಳೆದವರು ಒಂದು ಸಲ ಬಂದು ನೋಡಿದ್ದರೆ ಚೆನ್ನಿತ್ತು.

ಅಭಿಯಾನ ಶುರುವಾದ ಹೊತ್ತಿಗೆ ದೇಶದ ಸ್ಥಿತಿ ಏನಿತ್ತು ಎಂಬುದೂ ದಾಖಲೆಯಲ್ಲಿದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ, ಐದು ವರ್ಷ ಮೇಲ್ಪಟ್ಟವರಲ್ಲಿ ಕಂಪ್ಯೂಟರು ನಡೆಸಬಲ್ಲವರು ಹಳ್ಳಿಗಳಲ್ಲಿ ನೂರಕ್ಕೆ 9.9, ಪಟ್ಟಣಗಳಲ್ಲಿ 32.4. ಅಂತರ್ಜಾಲ ಬಳಸಬಲ್ಲವರು ಹಳ್ಳಿಯಲ್ಲಿ 13, ಪಟ್ಟಣದಲ್ಲಿ 37.1. ಅಂದರೆ ಹಳ್ಳಿಯ ಹತ್ತು ಜನರಲ್ಲಿ ಒಬ್ಬರಿಗೂ ಕಂಪ್ಯೂಟರು ಪೂರ್ತಿ ದಕ್ಕಿರಲಿಲ್ಲ.

ಇಂಥ ಲೆಕ್ಕಗಳಿಗೆ ವಿಶ್ವಸಂಸ್ಥೆಯವರದೂ ಒಂದು ಪಟ್ಟಿ ಇದೆ. ಆ ಪಟ್ಟಿಯ ಮೊದಲ ರೂಪದಲ್ಲಿ ಇದ್ದದ್ದು: ಕಡತ ನಕಲು ಮಾಡುವುದು, ಕತ್ತರಿಸಿ ಅಂಟಿಸುವುದು, ಇ-ಮೇಲಿಗೆ ಕಾಗದ ಲಗತ್ತಿಸುವುದು, ಲೆಕ್ಕದ ಹಾಳೆಯಲ್ಲಿ ಸೂತ್ರ ಬರೆಯುವುದು, ಪ್ರೋಗ್ರಾಮು ಬರೆಯುವುದು… ಹಣ್ಣಿನಂಗಡಿಯವನು ದಿನಕ್ಕೆ ಇನ್ನೂರು ಜನರಿಂದ ಫೋನಿನಲ್ಲಿ ಹಣ ಪಡೆದರೂ ಈ ಪಟ್ಟಿಯಲ್ಲಿ ಅವನಿಗೆ ಒಂದು ಅಂಕವೂ ಇಲ್ಲ! ಮುಂದೆ ಪಟ್ಟಿ ತಿದ್ದಿ, ಸುರಕ್ಷತೆಯಂಥ ವಿಷಯಗಳನ್ನೂ ಸೇರಿಸಿದರು. ಸೇರಿಸಲೇಬೇಕಾಗಿತ್ತು.

ಪಕ್ಕದ ರಾಜ್ಯದ ಒಂದು ಪಂಚಾಯಿತಿ

ಇಷ್ಟರ ನಡುವೆ ಗೆರೆಯನ್ನು ಮೇಜಿನಿಂದ ಎತ್ತಿ ಬೀದಿಗೆ ತಂದವರು ಪಕ್ಕದ ಕೇರಳದವರು.

ತಿರುವನಂತಪುರ ಜಿಲ್ಲೆಯಲ್ಲಿ ಪುಲ್ಲಂಪಾರ ಎಂಬ ಗ್ರಾಮ ಪಂಚಾಯಿತಿ ಇದೆ. ಅಲ್ಲಿ ಉದ್ಯೋಗ ಖಾತರಿ ಕೆಲಸದ ಹೆಂಗಸರು ಕೂಲಿ ಖಾತೆಗೆ ಬಿತ್ತೋ ಇಲ್ಲವೋ ಎಂದು ತಿಳಿಯಲಿಕ್ಕೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಣ ತೆಗೆಯಲಿಕ್ಕಲ್ಲ ಸ್ವಾಮಿ, ಬರೀ ನೋಡಲಿಕ್ಕೆ! ಅದಕ್ಕಾಗಿ ಅರ್ಧ ದಿನದ ಕೆಲಸ ಹೋಗುತ್ತಿತ್ತು. ಇದನ್ನು ಕಂಡವರಿಗೆ ಹೊಳೆಯಿತು. ಇವರಿಗೆ ಬೇಕಾದದ್ದು ಕಡತ ನಕಲು ಮಾಡುವ ವಿದ್ಯೆಯಲ್ಲ, ಬಾಕಿ ನೋಡುವ ವಿದ್ಯೆ.

ಅಲ್ಲಿಂದ ಶುರುವಾಯಿತು. ಮನೆಮನೆ ಸರ್ವೆ ಮಾಡಿ ಯಾರಿಗೆ ಬರಲ್ಲವೋ ಅವರ ಪಟ್ಟಿ ಮಾಡಿದರು. ಸ್ವಯಂಸೇವಕರು ಮನೆಗೆ, ಕೆಲಸದ ಜಾಗಕ್ಕೆ ಹೋಗಿ ಕಲಿಸಿದರು. ಅವರವರ ಫೋನಿನಲ್ಲೇ ಪಾಠ. ಫೋನು ಮಾಡುವುದು, ವಿಡಿಯೋ ಕಾಲು, ವಾಟ್ಸಾಪು, ಗೂಗಲ್ಲಿನಲ್ಲಿ ಹುಡುಕುವುದು, ಗ್ಯಾಸು ಬುಕ್ಕು ಮಾಡುವುದು, ಕರೆಂಟು ಬಿಲ್ಲು ಕಟ್ಟುವುದು. ಪರೀಕ್ಷೆ ಅಂದರೆ ಮಾಡಿ ತೋರಿಸು, ಅಷ್ಟೇ. 2022ರ ಸೆಪ್ಟೆಂಬರಿನಲ್ಲಿ ಪುಲ್ಲಂಪಾರವನ್ನು ಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎಂದು ಸಾರಿದರು. ಸರಕಾರ ಅದೇ ಮಾದರಿಯನ್ನು ‘ಡಿಜಿ ಕೇರಳಂ’ ಹೆಸರಿನಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸಿತು.

83 ಲಕ್ಷ ಮನೆಗಳ ಸರ್ವೆ. ಬರಲ್ಲ ಅಂತ ಸಿಕ್ಕವರು ಸುಮಾರು 21.88 ಲಕ್ಷ. ಕಲಿಸಲು ಎರಡೂವರೆ ಲಕ್ಷ ಸ್ವಯಂಸೇವಕರು. 2025ರ ಆಗಸ್ಟ್ 21ರಂದು ಕೇರಳ ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂಬ ಘೋಷಣೆ. ಅರವತ್ತರ ಗಡಿಯನ್ನು ಅವರು ಕಿತ್ತೇ ಹಾಕಿದ್ದರು. ಕಲಿತವರಲ್ಲಿ ತೊಂಬತ್ತು ದಾಟಿದವರೇ 15 ಸಾವಿರಕ್ಕೂ ಹೆಚ್ಚು. ನೂರು ದಾಟಿದ ಅಜ್ಜನೂ ಒಬ್ಬರಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನೂ ಮುಚ್ಚಿಡಬಾರದು. ಕಲಿತವರಲ್ಲಿ ಪಾಸಾದವರು ನೂರಕ್ಕೆ 99.98 ಎಂದು ಲೆಕ್ಕ ಕೊಟ್ಟಿದ್ದಾರೆ. ಯಾವ ಶಾಲೆಯಲ್ಲಾದರೂ ಇಂಥ ರಿಸಲ್ಟು ಬಂದರೆ ಜನ ಹುಬ್ಬೇರಿಸುತ್ತಾರೆ. ಗೆರೆ ತೀರ ತಗ್ಗಿನಲ್ಲಿತ್ತೇ? ಇದ್ದಿರಬಹುದು. ಒಂದು ಸಲ ಮಾಡಿ ತೋರಿಸಿದ್ದು ಆರು ತಿಂಗಳ ಮೇಲೆ ಕೈಯಲ್ಲಿ ಉಳಿಯುತ್ತದೆಯೇ? ಬಳಸದಿದ್ದರೆ ಉಳಿಯುವುದಿಲ್ಲ. ಸೈಕಲ್ಲು ಮರೆಯುವುದಿಲ್ಲ, ಪಾಸ್‌ವರ್ಡು ಮರೆಯುತ್ತದೆ. ಆದರೆ ತಗ್ಗಿನಲ್ಲಿದ್ದರೂ ಆ ಗೆರೆ ಸರಿಯಾದ ಜಾಗದಲ್ಲಿತ್ತು. ಎತ್ತರಕ್ಕೆ ಏರಿಸುವುದು ಆಮೇಲೂ ಆದೀತು.

ಪಠ್ಯದಲ್ಲುಂಟು, ಪರೀಕ್ಷೆಯಲ್ಲಿಲ್ಲ!

ಕೇಂದ್ರ ಶಿಕ್ಷಣ ಇಲಾಖೆಯೂ ಸುಮ್ಮನೆ ಕೂತಿಲ್ಲ. 2022ರಿಂದ 2027ರವರೆಗೆ ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ ‘ಉಲ್ಲಾಸ್’ ಕಾರ್ಯಕ್ರಮ ಹಾಕಿಕೊಂಡಿದೆ. 2024ರಲ್ಲಿ ಸಾಕ್ಷರತೆಗೆ ಹೊಸ ಅರ್ಥವನ್ನೇ ಬರೆದು ರಾಜ್ಯಗಳಿಗೆ ಕಳಿಸಿತು. ಅರ್ಥ ತಿಳಿದು ಓದು, ಬರಹ, ಲೆಕ್ಕ ಇವು ಸಾಲದು, ಡಿಜಿಟಲ್ ತಿಳಿವಳಿಕೆ, ಹಣಕಾಸಿನ ತಿಳಿವಳಿಕೆ ಕೂಡ ಸೇರಬೇಕು ಎಂದು.

ಬಹಳ ಚೆಂದ. ಪರೀಕ್ಷೆ ಹೇಗೆ? ಒಟ್ಟು 150 ಅಂಕ. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಮುಗಿಯಿತು! ಅರ್ಥದಲ್ಲಿ ಇರುವ ಡಿಜಿಟಲ್ಲಿಗೆ ಅಂಕಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನು ಮೇಷ್ಟ್ರು ಎಷ್ಟು ಕಲಿಸುತ್ತಾರೆ, ಶಿಷ್ಯ ಎಷ್ಟು ಕಲಿಯುತ್ತಾನೆ ಎಂಬುದು ಎಸ್ಸೆಸ್ಸೆಲ್ಸಿ ಬರೆದ ಎಲ್ಲರಿಗೂ ಗೊತ್ತಿರುವ ಗುಟ್ಟು.

ಇಂಗ್ಲೆಂಡಿನವರು ಈ ಕೆಲಸವನ್ನು ಸ್ವಲ್ಪ ಶಿಸ್ತಿನಿಂದ ಮಾಡಿದ್ದಾರೆ. 2019ರಲ್ಲಿ ವಯಸ್ಕರಿಗೆ ಬೇಕಾದ ಡಿಜಿಟಲ್ ಕೌಶಲಕ್ಕೆ ರಾಷ್ಟ್ರೀಯ ಮಟ್ಟ ಗೊತ್ತು ಮಾಡಿದರು. ಐದು ಭಾಗ. ಯಂತ್ರ ಬಳಸಿ ಮಾಹಿತಿ ನಿಭಾಯಿಸುವುದು, ಬರೆಯುವುದು ತಿದ್ದುವುದು, ಮಾತುಕತೆ, ವ್ಯವಹಾರ, ಮತ್ತೆ ಐದನೆಯದು ಜೋಪಾನವಾಗಿರುವುದು. ಎರಡು ಮೆಟ್ಟಿಲು. ಏನೂ ಬರದವರಿಗೊಂದು, ಅಷ್ಟಿಷ್ಟು ಬರುವವರಿಗೆ ಇನ್ನೊಂದು. 2020ರ ಆಗಸ್ಟಿನಿಂದ ಕಡಿಮೆ ಬರುವ ವಯಸ್ಕರಿಗೆ ಪುಕ್ಕಟೆ ಪಾಠ ಎಂದೂ ಸಾರಿದರು. ಇದರಲ್ಲಿ ಗಮನಿಸಬೇಕಾದ್ದು ಆ ಐದನೆಯ ಭಾಗ. ಜೋಪಾನವನ್ನು ಕೊನೆಯ ದಿನದ ಉಪದೇಶವಾಗಿ ಬಿಡದೆ, ಉಳಿದ ನಾಲ್ಕರ ಸಮಕ್ಕೆ ಕೂರಿಸಿದ್ದಾರೆ.

‘ಇಲ್ಲ’ ಅನ್ನುವ ಪಾಠ

ಯಾಕೆ ಕೂರಿಸಬೇಕು ಅಂದರೆ, ಫೋನು ಒತ್ತಲು ಕಲಿತವನೇ ಮೋಸ ಹೋಗುವುದು. ಏನೂ ಒತ್ತಲು ಬರದ ಅಜ್ಜನ ಖಾತೆಗೆ ಫೋನಿನ ಕಳ್ಳ ಕೈ ಹಾಕುವುದು ಕಷ್ಟ. ಅರ್ಧ ಕಲಿತ ಅಜ್ಜ ಸಿಕ್ಕರೆ ಹಬ್ಬ. ಹಾಗಾಗಿ ‘ಹಣ ಕಳಿಸಲು ಬರುತ್ತೆ’ ಎಂಬಲ್ಲಿಗೆ ಗೆರೆ ನಿಲ್ಲಿಸಿದರೆ ಕಲಿತವನನ್ನು ನಡುನೀರಿನಲ್ಲಿ ಬಿಟ್ಟ ಹಾಗೆ.

2024ರ ಅಕ್ಟೋಬರಿನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲಿ ಒಂದು ಫೋನು ಸಂಭಾಷಣೆ ಕೇಳಿಸಿದ್ದು ನೆನಪಿರಬಹುದು. ಪೊಲೀಸು ವೇಷದ ವಂಚಕ ವಿಡಿಯೋ ಕಾಲಿನಲ್ಲಿ ಹೆದರಿಸುವುದು. ಅದನ್ನು ರೆಕಾರ್ಡು ಮಾಡಿಕೊಂಡವರು ನಮ್ಮ ವಿಜಯಪುರದವರೊಬ್ಬರು. ‘ಡಿಜಿಟಲ್ ಅರೆಸ್ಟು’ ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಓದಿದ ಡಾಕ್ಟರುಗಳು, ರಿಟೈರಾದ ಅಧಿಕಾರಿಗಳು ಬಾಗಿಲು ಹಾಕಿಕೊಂಡು ಕೂತು ಜೀವಮಾನದ ಉಳಿತಾಯ ಕಳಿಸಿಬಿಟ್ಟಿದ್ದಾರೆ. ಇವರೆಲ್ಲ ಯಾವುದೇ ಕಂಪ್ಯೂಟರು ಪರೀಕ್ಷೆ ಕೊಟ್ಟರೂ ಪಾಸಾಗುವವರೇ. ವಿಜಯಪುರದವರಿಗೆ ಬಂದದ್ದು, ಇವರಿಗೆ ಬರದೆ ಹೋದದ್ದು ಒಂದೇ, ತಡೆದು ನಿಲ್ಲುವುದು.

ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಬಾಕಿ ನೋಡಲೂ ಬೇಕು, ಆದರೆ ಅದು ನೋಡುವವರ ಬೆರಳೇ ಒತ್ತಬೇಕು. ಒಟಿಪಿ ಕೇಳಿದವರು ಬ್ಯಾಂಕಿನವರಲ್ಲ. ಮೋಸ ಹೋದೆ ಅನ್ನಿಸಿದ ಕೂಡಲೇ 1930ಕ್ಕೆ ಫೋನು ಮಾಡಬೇಕು, ಎಷ್ಟು ಬೇಗ ಮಾಡಿದರೆ ಅಷ್ಟು ಹಣ ತಡೆಯುವ ಆಸೆ ಇರುತ್ತದೆ. ಈ ನಾಲ್ಕು ಮಾತು ಬಾರದವನಿಗೆ ಇ-ಮೇಲ್ ಬಂದರೇನು, ಲೆಕ್ಕದ ಹಾಳೆ ಬಂದರೇನು?

ಇದರಲ್ಲೂ ಒಂದು ಪೇಚಿದೆ. ಗೆರೆ ಹಳತಾಗುತ್ತದೆ. “ಹಣ ಕಳಿಸಿ” ಅಂತ ಎದುರಿನವನೇ ಕೋರಿಕೆ ಕಳಿಸಿ, ನಿಮ್ಮಿಂದ ಪಿನ್ ಒತ್ತಿಸಿಕೊಳ್ಳುವ ಒಂದು ಮೋಸ ವರ್ಷಗಟ್ಟಲೆ ನಡೆಯಿತು. ಒಬ್ಬರು ಇನ್ನೊಬ್ಬರಿಗೆ ಹಾಗೆ ಕೋರಿಕೆ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಅಲ್ಲಿಗೆ ಆ ಪಾಠ ಹಳೇ ಪಂಚಾಂಗ. ಕಳ್ಳರಿಗೆ ಹೊಸ ದಾರಿ ಹುಡುಕಲು ಟೆಂಡರು ಕರೆಯಬೇಕಾಗಿಲ್ಲ. 2017ರಲ್ಲಿ ಬರೆದ ಪಾಠವನ್ನು 2024ರವರೆಗೆ ನಡೆಸುವ ಅಭಿಯಾನ ಇದಕ್ಕೆ ಸರಿದೂಗುವುದಿಲ್ಲ. ವರ್ಷಕ್ಕೊಮ್ಮೆ ಗೆರೆ ಅಳಿಸಿ ಎಳೆಯುವವರು ಬೇಕು.

ಗಲ್ಲಾಪೆಟ್ಟಿಗೆಯ ಮುಂದೆ

ಅಂಗಡಿಯವರ ಪಾಡು ಇನ್ನೊಂದು. “ನೂರು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಡಬ್ಬಿ ಕೂಗುತ್ತದೆ, ಅವರು ಸಾಮಾನು ಕೊಡುತ್ತಾರೆ. ಡಬ್ಬಿ ಕೂಗದಿದ್ದರೆ ಗಿರಾಕಿ ತನ್ನ ಫೋನಿನ ಪರದೆ ತೋರಿಸುತ್ತಾನೆ. ಆ ಪರದೆ ನಿಜವೋ, ಹಳೆಯ ಫೋಟೋ ಒಂದನ್ನು ತೋರಿಸಿ ಟೋಪಿ ಹಾಕುತ್ತಿದ್ದಾನೋ? ತನ್ನ ಫೋನು ತೆಗೆದು, ತನ್ನ ಖಾತೆಯಲ್ಲೇ ನೋಡಿಕೊಳ್ಳುವುದು ಅಂಗಡಿಯವನ ಮೂಲ ವಿದ್ಯೆ. ಎಷ್ಟು ಜನ ಮಾಡುತ್ತಾರೆ? ಸಂಜೆ ಆರರ ರಶ್ಶಿನಲ್ಲಿ ಪುರುಸೊತ್ತಾದರೂ ಎಲ್ಲಿ?

2025ರ ಜುಲೈಯಲ್ಲಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸು ಬಂದು ರಾಜ್ಯವೆಲ್ಲ ಗದ್ದಲವಾಯಿತು. ಬೆಂಗಳೂರಿನಲ್ಲಿ ಅಂಗಡಿ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ನೇತು ಬಿದ್ದವು. ನೋಟೀಸು ಸರಿಯೋ ತಪ್ಪೋ, ಅದು ಬೇರೆ ಪಂಚಾಯ್ತಿ. ಇಲ್ಲಿ ಹೇಳಬೇಕಾದ್ದು ಇಷ್ಟೇ. ವರ್ಷಕ್ಕೆ ಫೋನಿನಲ್ಲಿ ಒಟ್ಟು ಎಷ್ಟು ಬಂತು, ಅದರಲ್ಲಿ ವ್ಯಾಪಾರದ್ದೆಷ್ಟು, ತಮ್ಮ ಕಳಿಸಿದ ಕೈಸಾಲ ಎಷ್ಟು, ಚೀಟಿ ದುಡ್ಡೆಷ್ಟು ಎಂದು ಬಿಡಿಸಿ ಹೇಳಲು ಸ್ಟೇಟ್‌ಮೆಂಟು ತೆಗೆಯಲು ಬರಬೇಕು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ಆಗ 40 ಲಕ್ಷ, ಸೇವೆಯವರಿಗೆ 20 ಲಕ್ಷ. ಆ ಮಿತಿಯ ಆಚೆ ಇದ್ದೇವೋ ಈಚೆ ಇದ್ದೇವೋ ಎಂಬ ಉತ್ತರ ಇಲಾಖೆಯ ಕಂಪ್ಯೂಟರಿಗೆ ಗೊತ್ತು, ಅಂಗಡಿಯವನ ಜೇಬಿನ ಫೋನಿಗೂ ಗೊತ್ತು. ಗೊತ್ತಿಲ್ಲದವನು ನಡುವೆ ನಿಂತ ಅಂಗಡಿಯವನು ಒಬ್ಬನೇ.

ಭಾಷೆಯ ಮಾತು ಬಿಟ್ಟರೆ ಈ ಕತೆ ಪೂರ್ತಿಯಾಗದು. ಬ್ಯಾಂಕಿನಿಂದ ಬರುವ ಸಂದೇಶ ಎಷ್ಟೋ ಸಲ ಇಂಗ್ಲಿಷಿನಲ್ಲಿ. ಅದರಲ್ಲಿ ‘ಕ್ರೆಡಿಟ್’ ಅಂದರೆ ಬಂತು, ‘ಡೆಬಿಟ್’ ಅಂದರೆ ಹೋಯಿತು. ಇವೆರಡು ಪದದ ಆಕಾರ ಗುರುತು ಹಿಡಿಯಲು ಕಲಿಸಿದರೆ ಅರ್ಧ ಪಾಠ ಮುಗಿದ ಹಾಗೆ. 2011ರ ಗಣತಿಯಂತೆ ಕರ್ನಾಟಕದ ಸಾಕ್ಷರತೆ ನೂರಕ್ಕೆ ಎಪ್ಪತ್ತೈದು ಮತ್ತು ಚೂರು. ಅಂದರೆ ಆಗ ನಾಲ್ವರಲ್ಲಿ ಒಬ್ಬರಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. ಅವರ ಕೈಯಲ್ಲೂ ಇವತ್ತು ಫೋನಿದೆ. ಓದಲು ಬಂದ ಮೇಲೆಯೇ ಫೋನು ಕಲಿಸುತ್ತೇವೆ ಅಂದರೆ ಅವರ ಸರದಿ ಬರುವುದು ಯಾವಾಗ? ಅಂಕಿ ಗುರುತಿಸುವವರಿಗೆ ಅಂಕಿಯಿಂದ, ಚಿತ್ರದಿಂದ, ಧ್ವನಿಯಿಂದ ದಾರಿ ಮಾಡಬೇಕು. ಬಾಕಿ ತಿಳಿಯಲು ಅನೇಕ ಬ್ಯಾಂಕುಗಳಲ್ಲಿ ನೋಂದಾಯಿಸಿದ ನಂಬರಿನಿಂದ ಒಂದು ಮಿಸ್ಡ್ ಕಾಲು ಕೊಟ್ಟರೆ ಸಾಕು, ಮೆಸೇಜು ಬರುತ್ತದೆ. ಪಿನ್ನೂ ಬೇಡ, ಆ್ಯಪೂ ಬೇಡ, ಹತ್ತು ರೂಪಾಯಿಯೂ ಬೇಡ. ಇದನ್ನು ಕಲಿಸಲು ಇಪ್ಪತ್ತು ಗಂಟೆ ಬೇಕೇ?

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ನಮ್ಮಲ್ಲಿ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಅಲ್ಲೇ ಒಂದು ಮೂಲೆಯಲ್ಲಿ, ಅವರವರ ಫೋನಿನಲ್ಲೇ ಐದು ಕೆಲಸ ಮಾಡಿ ತೋರಿಸಿದವರಿಗೆ ಪಾಸು ಅಂದರೆ ಯಾರಿಗೂ ನಷ್ಟವಿಲ್ಲ. ಬಾಕಿ ತಾನೇ ನೋಡಬೇಕು. ಹತ್ತು ರೂಪಾಯಿ ಕಳಿಸಬೇಕು. ಬಂದ ಹಣ ನಿಜವೇ ಅಂತ ತನ್ನ ಖಾತೆಯಲ್ಲಿ ಕಾಣಬೇಕು. ಕರೆಂಟು ಬಿಲ್ಲೋ ಪಹಣಿಯೋ ಒಂದು ಸರಕಾರಿ ಕೆಲಸ ಮಾಡಬೇಕು. ಐದನೆಯದಕ್ಕೆ ಪರೀಕ್ಷಕನೇ ಇನ್ನೊಂದು ಕೋಣೆಯಿಂದ ಫೋನು ಮಾಡಿ, “ಬ್ಯಾಂಕಿನಿಂದ ಮಾತಾಡ್ತಿದೀನಿ, ಒಟಿಪಿ ಹೇಳಿ” ಅನ್ನಬೇಕು. ಫೋನಿಟ್ಟವರು ಪಾಸು. ಹೇಳಿದವರು ಮುಂದಿನ ವಾರ ಮತ್ತೆ ಬರತಕ್ಕದ್ದು.

ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಮುಂದಿನ ತಿಂಗಳೂ ಆಕೆ ಬರುತ್ತಾಳೆ. “ಪಿನ್ ಹೇಳಕ್ಕಾ” ಅನ್ನುವ ಬದಲು ಆ ತಮ್ಮ ಫೋನನ್ನು ಆಕೆಯ ಕಡೆಗೇ ತಿರುಗಿಸಿ ಹಿಡಿದು, “ನೀವೇ ಒತ್ತಿ, ನಾನು ಆ ಕಡೆ ನೋಡ್ತೀನಿ” ಅಂದರೆ ಅವನ ಹತ್ತು ರೂಪಾಯಿ ಒಂದೆರಡು ತಿಂಗಳಲ್ಲಿ ಹೋಗುತ್ತದೆ. ಚಾರ್ಜರು, ಕವರು ಅಂತ ಬೇರೆ ವ್ಯಾಪಾರ ಹೇಗೂ ಇದೆ.